ಬಯಾಲಜಿ ಓದಿದವರು ಸಿಮ್ಯುಲೇಶನ್ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಹೊಸ_ಮೊಳಕೆ:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಮೈಕ್ರೋಬಯಾಲಜಿ ಮೊದಲ ವರ್ಷ. ಡಿಗ್ರಿಯಲ್ಲಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ), ಹಾಗಾಗಿ ಪಿಯುಸಿ ಆದ ಮೇಲೆ ಗಣಿತ ಮುಟ್ಟಿಲ್ಲ. ಪ್ರಾಜೆಕ್ಟಿಗೆ ಸಿಮ್ಯುಲೇಶನ್ (ನಿಜದಲ್ಲಿ ನಡೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡೋದು) ಮಾಡೋಣ ಅಂತ ಆಸೆ. ಸೀನಿಯರ್ ಒಬ್ಬರು ಹೇಳಿದರು ಅಂತ ಗ್ರೋಮ್ಯಾಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು, ನೀರಿನಲ್ಲಿ ಲೈಸೋಜೈಮ್ ಅನ್ನೋ ಪ್ರೋಟೀನ್ ಇಡುವ ಟ್ಯುಟೋರಿಯಲ್ ನೋಡಿ ಒಂದೊಂದೇ ಕಮಾಂಡ್ ಕಾಪಿ ಮಾಡಿದೆ. ಕೊನೆಗೆ ಗ್ರಾಫ್ ಬಂತು, ಆದರೆ ಅದು ಏನು ಹೇಳುತ್ತಿದೆ ಅಂತ ಸ್ವಲ್ಪವೂ ಗೊತ್ತಾಗಲಿಲ್ಲ. ತುಂಬಾ ಬೇಜಾರಾಯಿತು. ನನಗೆ ನಿಜವಾಗಿ ಇಷ್ಟ ಇರುವುದು ಕಾಯಿಲೆ ಹೇಗೆ ಹರಡುತ್ತದೆ ಅನ್ನೋದರಲ್ಲಿ. ಮೊದಲು ಪೈಥಾನ್ ಪೂರ್ತಿ ಕಲಿಯಬೇಕಾ? ಗಣಿತ ಮತ್ತೆ ಓದಬೇಕಾ?

ಲ್ಯಾಬ್_ಮೂಲೆ:
ಗ್ರೋಮ್ಯಾಕ್ಸ್ ಒಳ್ಳೆಯದೇ, ಆದರೆ ನಿಮ್ಮ ಪ್ರಶ್ನೆಗೆ ಅದಲ್ಲ. ಅದು ಅಣುವಿನ ಒಳಗೆ ಪರಮಾಣುಗಳು ಹೇಗೆ ಅಲುಗುತ್ತವೆ ಅಂತ ಲೆಕ್ಕ ಹಾಕುತ್ತದೆ. ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡ್, ಅಂದರೆ ಒಂದೇ ಒಂದು ನ್ಯಾನೋಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) 5 ಲಕ್ಷ ಹೆಜ್ಜೆ. ಊರಿನಲ್ಲಿ ಜ್ವರ ಹರಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪೈಥಾನ್ ಆಮೇಲೆ. ಇವತ್ತೇ ಎಕ್ಸೆಲ್ ತೆಗೆಯಿರಿ. ಮೂರು ಕಾಲಮ್: ಕಾಯಿಲೆ ಬರದವರು, ಈಗ ಕಾಯಿಲೆ ಇರುವವರು, ವಾಸಿಯಾದವರು. ಮೊದಲ ಸಾಲಿನಲ್ಲಿ 999, 1, 0. ದಿನಕ್ಕೆ ಹೊಸದಾಗಿ ಕಾಯಿಲೆ ಬೀಳುವವರು 0.5 × ಬರದವರು × ಇರುವವರು ÷ 1000. ಇರುವವರಲ್ಲಿ 0.2 ಭಾಗ ದಿನಾ ವಾಸಿಯಾಗುತ್ತಾರೆ. ಅಷ್ಟೇ. ಮಾರನೇ ದಿನ ಕಾಯಿಲೆ ಇರುವವರು ಸುಮಾರು 1.3, ಅದರ ಮಾರನೇ ದಿನ 1.69. ಮೊದಲ ಎರಡು ಸಾಲು ಕೈಯಲ್ಲೇ ಲೆಕ್ಕ ಮಾಡಿ, ಆಮೇಲೆ ಫಾರ್ಮುಲಾ ಕೆಳಗೆ ಎಳೆಯಿರಿ. ಬರದವರು 400ಕ್ಕಿಂತ ಕೆಳಗೆ ಇಳಿದ ಮೇಲೆ ಕಾಯಿಲೆಯವರ ಸಂಖ್ಯೆ ಇಳಿಮುಖ ಆಗುತ್ತದೆ. ಯಾಕೆ 400? ಅದನ್ನು ನೀವೇ ಹುಡುಕಿ, ಬೇಕಾದ ಗಣಿತ ಅಲ್ಲೇ ಸಿಗುತ್ತದೆ.

ತುಂಗಾತೀರ:
ಮೇಲೆ ಹೇಳಿದ ಮಾಡೆಲ್‌ನ ಬೇರು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅನ್ನೋ ಇಬ್ಬರು ಸಂಶೋಧಕರು 1927ರಲ್ಲಿ ಬರೆದ ಲೇಖನದಲ್ಲಿದೆ. ಅವರು ಹೋಲಿಸಿ ನೋಡಿದ್ದು ನಮ್ಮ ಬಾಂಬೆಯ 1905-06ರ ಪ್ಲೇಗ್ ಸಾವುಗಳ ಜೊತೆ. ಗೆರೆ ಚೆನ್ನಾಗಿ ಕೂತಿತ್ತು. ಆದರೆ ಪ್ಲೇಗ್ ಬರೋದು ಇಲಿ, ಚಿಗಟದಿಂದ ಅಲ್ವಾ? ಆ ಸಮೀಕರಣದಲ್ಲಿ ಇಲಿಯೂ ಇಲ್ಲ, ಚಿಗಟವೂ ಇಲ್ಲ. ಗ್ರಾಫ್ ಡೇಟಾ ಮೇಲೆ ಕೂತ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತ ಅಂದುಕೊಳ್ಳಬೇಡಿ. ನಾನು ಮೊದಲ ಪ್ರಾಜೆಕ್ಟಿನಲ್ಲಿ ಹಾಗೇ ಅಂದುಕೊಂಡು ಆರು ತಿಂಗಳು ಕಳೆದುಕೊಂಡೆ. ಯಾವುದನ್ನು ಬಿಟ್ಟಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಗೈಡ್ ಮೊದಲು ಕೇಳೋದೇ ಅದನ್ನು.

ಹೊಸ_ಮೊಳಕೆ:
ಮಾಡಿದೆ! ದಿನದ ಲೆಕ್ಕ ಚೆನ್ನಾಗಿ ಬಂತು. ಸಾಲು ಕಡಿಮೆ ಆಗಲಿ ಅಂತ 10 ದಿನಕ್ಕೊಂದು ಹೆಜ್ಜೆ ಇಟ್ಟು ನೋಡಿದೆ. 50ನೇ ದಿನಕ್ಕೆ ಕಾಯಿಲೆ ಬರದವರು ಮೈನಸ್ 43 ಅಂತ ತೋರಿಸುತ್ತಿದೆ. ಫಾರ್ಮುಲಾ ಮೂರು ಸಲ ನೋಡಿದೆ, ತಪ್ಪಿಲ್ಲ. ಇನ್ನೊಂದು, 1.3 ಜನ ಅಂದರೆ ಏನು?

ಲ್ಯಾಬ್_ಮೂಲೆ:
ಫಾರ್ಮುಲಾ ಸರಿ ಇದೆ, ಹೆಜ್ಜೆ ದೊಡ್ಡದು. ಕಾಯಿಲೆ ಇರುವವರ ಸಂಖ್ಯೆ 10 ದಿನ ಬದಲಾಗುವುದೇ ಇಲ್ಲ ಅಂತ ನೀವು ಹೇಳಿದ ಹಾಗಾಯಿತು, ಆದ್ದರಿಂದ ಇರುವುದಕ್ಕಿಂತ ಜಾಸ್ತಿ ಜನರಿಗೆ ಕಾಯಿಲೆ ಅಂಟಿತು. ಹೆಜ್ಜೆಯನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಉತ್ತರ ಬದಲಾಗುವುದು ನಿಂತರೆ ಮಾತ್ರ ನಂಬಿ. ಯಾವ ಸಿಮ್ಯುಲೇಶನ್ ಮಾಡಿದರೂ ಈ ಪರೀಕ್ಷೆ ಬಿಡಬೇಡಿ.

1.3 ಜನ ಅನ್ನೋದು ಸರಾಸರಿ. ಈಗ ಪೈಥಾನ್ ಬೇಕು. ಒಂದು ಸಲಕ್ಕೆ ಒಂದೇ ಘಟನೆ: ಒಬ್ಬರಿಗೆ ಅಂಟಬೇಕು ಇಲ್ಲವೇ ಒಬ್ಬರು ವಾಸಿಯಾಗಬೇಕು, ಯಾವುದು ಅಂತ ದಾಳ ಹಾಕಿದ ಹಾಗೆ ಆರಿಸುವುದು. ರಾಸಾಯನಿಕ ಕ್ರಿಯೆಗಳಿಗೆ ಗಿಲೆಸ್ಪಿ ಅನ್ನೋ ವಿಜ್ಞಾನಿ 1977ರಲ್ಲಿ ಬರೆದ ವಿಧಾನ ಇದೇ, ಮೂವತ್ತು ನಲವತ್ತು ಸಾಲಿನಲ್ಲಿ ಬರೆಯಬಹುದು. ನಿಮ್ಮ ಅದೇ ಅಂಕಿಗಳನ್ನು ಹಾಕಿ 100 ಸಲ ಓಡಿಸಿದರೆ, ಸುಮಾರು 40 ಸಲ ಕಾಯಿಲೆ ಹರಡುವ ಮೊದಲೇ ಆರಿಹೋಗುತ್ತದೆ. ಎಕ್ಸೆಲ್ ಗೆರೆ ಅದನ್ನು ಯಾವತ್ತೂ ತೋರಿಸುವುದಿಲ್ಲ.

ಹೊಸ_ಮೊಳಕೆ:
400 ಯಾಕೆ ಅಂತ ಸಿಕ್ಕಿತು. 0.2 ÷ 0.5 ಅಂದರೆ 0.4, ಸಾವಿರಕ್ಕೆ 400. ಆರಿಹೋಗುವ 40 ಸಲವೂ ಅದೇ 0.4 ತಾನೇ? ಕೋಡ್ ಬರೆದು ಭಾನುವಾರ ಇಲ್ಲೇ ಹಾಕುತ್ತೇನೆ, ದಯವಿಟ್ಟು ನೋಡಿ.