ಕೆಂಟಕಿಯ ಹಳೇ ತೆರಿಗೆ ಪಟ್ಟಿ: ಒಂದೇ ಹೆಸರಿನ ಇಬ್ಬರು, ಯಾರು ಯಾರ ಮಗ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಅಮೆರಿಕದವಳು, ಅವಳ ತಾಯಿ ಕಡೆಯವರು ಕೆಂಟಕಿಯವರು. ಅತ್ತೆಗೆ ಈಗ 80 ದಾಟಿದೆ. ತಮ್ಮ ಹಿರಿಯರು ಎಲ್ಲಿಂದ ಬಂದವರು ಅಂತ ತಿಳ್ಕೋಬೇಕು ಅನ್ನೋ ಆಸೆ ಅವರಿಗೆ ತುಂಬಾ ಇದೆ, ಆ ಕೆಲಸ ನಾನು ಹಿಡಿದಿದ್ದೇನೆ.

1850ರ ಜನಗಣತಿವರೆಗೆ ಸುಲಭವಾಗಿ ಹೋದೆ. ಅದರಲ್ಲಿ ಮನೆಯ ಹಿರಿಯನಿಗೆ 68 ವರ್ಷ, ಹುಟ್ಟಿದ್ದು ವರ್ಜೀನಿಯಾ ಅಂತಿದೆ. ಅದಕ್ಕಿಂತ ಹಿಂದಿನ ಜನಗಣತಿಗಳಲ್ಲಿ ಯಜಮಾನನ ಹೆಸರು ಮಾತ್ರ ಇದೆ, ಉಳಿದವರೆಲ್ಲ ಬರೀ ಲೆಕ್ಕ. 1810ರಲ್ಲಿ ಕೆಂಟಕಿಯ ಮಾಂಟ್ಗೊಮರಿ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಅದೇ ಹೆಸರಿನವರು ಇಬ್ಬರಿದ್ದಾರೆ, ಒಬ್ಬ ಸೀನಿಯರ್, ಒಬ್ಬ ಜೂನಿಯರ್. ನಮ್ಮವನು ಜೂನಿಯರ್, ಸೀನಿಯರ್ ಅವನ ಅಪ್ಪ ಅಂದುಕೊಂಡೆ. ಅದಕ್ಕೂ ಹಿಂದೆ ಹೋಗೋಣ ಅಂದ್ರೆ ಕೆಂಟಕಿಯ 1790 ಮತ್ತು 1800ರ ಜನಗಣತಿ ಎರಡೂ ಉಳಿದಿಲ್ಲ. 1800ರ ತೆರಿಗೆ ಪಟ್ಟಿಯ ಒಂದು ಪುಟ ಸಿಕ್ಕಿತು, ಹೆಸರಿನ ಮುಂದೆ ಬರೀ ಅಂಕಿಗಳು. ಇದರಿಂದ ಏನು ತಿಳಿಯುತ್ತೆ?

ಉತ್ತರ 1

ತುಂಬಾ ತಿಳಿಯುತ್ತೆ. ಆದರೆ ಒಂದು ಪುಟದಿಂದ ಅಲ್ಲ. ಜನಗಣತಿ 10 ವರ್ಷಕ್ಕೊಮ್ಮೆ, ತೆರಿಗೆ ಹೆಚ್ಚುಕಮ್ಮಿ ಪ್ರತಿ ವರ್ಷ. ಅದಕ್ಕೇ ಒಂದೇ ಕುಟುಂಬವನ್ನು ವರ್ಷ ವರ್ಷ ಸಾಲಾಗಿ ಬರೆದುಕೊಂಡು, ಯಾವ ಅಂಕಿ ಯಾವಾಗ ಬದಲಾಯಿತು ಅಂತ ನೋಡಬೇಕು.

ಆ ಕಾಲಂಗಳಲ್ಲಿ ಇರೋದು ಇಷ್ಟು: ಎಷ್ಟು ಎಕರೆ, ಭೂಮಿ ಒಂದನೇ ದರ್ಜೆಯೋ ಎರಡನೆಯದೋ ಮೂರನೆಯದೋ, ಯಾವ ಹಳ್ಳದ ದಂಡೆಯಲ್ಲಿದೆ, ಮೊದಲು ಯಾರ ಹೆಸರಿಗೆ ಮಂಜೂರಾಗಿತ್ತು. ಆಮೇಲೆ 21 ದಾಟಿದ ಬಿಳಿಯ ಗಂಡಸರು, 16ರಿಂದ 21ರೊಳಗಿನ ಹುಡುಗರು, ಕುದುರೆಗಳು. ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕಪ್ಪು ಜನರನ್ನೂ ಇದೇ ಸಾಲಿನಲ್ಲಿ ಕುದುರೆ ಜೊತೆಗೇ ಎಣಿಸಿರುತ್ತಾರೆ. ಅದನ್ನು ಓದುವಾಗ ಪ್ರತಿ ಸಲವೂ ಮನಸ್ಸು ಭಾರವಾಗುತ್ತೆ. ನಿಮ್ಮ ಕುಟುಂಬದ ಸಾಲಿನಲ್ಲಿ ಆ ಅಂಕಿ ಇದ್ದರೆ ದಯವಿಟ್ಟು ಅದನ್ನೂ ಬರೆದಿಟ್ಟುಕೊಳ್ಳಿ, ಆ ಜನರ ಮರಿಮೊಮ್ಮಕ್ಕಳು ಹುಡುಕುವಾಗ ಅದೊಂದೇ ಸುಳಿವು ಆಗಿರಬಹುದು.

ನಿಮ್ಮವನು 68 ಅಂದ್ರೆ ಸುಮಾರು 1782ರಲ್ಲಿ ಹುಟ್ಟಿದವನು. 1798ರ ಹೊತ್ತಿಗೆ 16 ಆಗಿರಬೇಕು, ಯಾರದ್ದೋ ಮನೆಯ ಸಾಲಿನಲ್ಲಿ ಆ ಹುಡುಗರ ಕಾಲಂಗೆ ಒಂದು ಅಂಕಿ ಸೇರಿರಬೇಕು. 1803ರ ಸುಮಾರಿಗೆ ಅದೇ ಅಂಕಿ ಅಲ್ಲಿಂದ ಹೋಗಿ, ಇವನ ಹೆಸರು ಬೇರೆಯಾಗಿ ಬಂದಿರಬೇಕು. ಅವನು ಯಾರ ಸಾಲಿನಿಂದ ಹೊರಬಂದ ಅನ್ನೋದನ್ನು ಹುಡುಕಿ. ವಯಸ್ಸು ಒಂದೆರಡು ವರ್ಷ ಆಚೀಚೆ ಇರುತ್ತೆ, ಅಷ್ಟು ಬಿಟ್ಟುಕೊಂಡೇ ನೋಡಿ.

ಉತ್ತರ 2

ಸೀನಿಯರ್ ಅಂದ್ರೆ ಅಪ್ಪ ಅಂತ ಖಂಡಿತ ಅಂದುಕೊಳ್ಳಬೇಡಿ! ಆ ಕಾಲದಲ್ಲಿ ಒಂದೇ ಕಡೆ ಒಂದೇ ಹೆಸರಿನವರು ಇಬ್ಬರಿದ್ದರೆ ದೊಡ್ಡವನಿಗೆ ಸೀನಿಯರ್, ಚಿಕ್ಕವನಿಗೆ ಜೂನಿಯರ್ ಅಂತ ಬರೆದುಬಿಡುತ್ತಿದ್ದರು. ಚಿಕ್ಕಪ್ಪ ಮತ್ತು ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ದೊಡ್ಡವನು ಸತ್ತ ಮೇಲೆ ಜೂನಿಯರ್ ಆಗಿದ್ದವನೇ ಸೀನಿಯರ್ ಆಗಿಬಿಡೋದೂ ಉಂಟು. ಇದೊಂದರಿಂದಲೇ ನಾನು ಎರಡು ವರ್ಷ ಬೇರೆಯವರ ವಂಶದ ಹಿಂದೆ ಓಡಾಡಿದ್ದೇನೆ.

ಕೌಂಟಿ ಗಡಿಯನ್ನೂ ಗಮನಿಸಿ. ಮಾಂಟ್ಗೊಮರಿ ಕೌಂಟಿ ಶುರುವಾಗಿದ್ದು 1797ರಲ್ಲಿ, ಅದಕ್ಕೆ ಮುಂಚೆ ಅದು ಕ್ಲಾರ್ಕ್ ಕೌಂಟಿ. ಕ್ಲಾರ್ಕ್ ಆಗಿದ್ದು 1793ರಲ್ಲಿ, ಅದಕ್ಕೆ ಮುಂಚೆ ಬೂರ್ಬನ್ ಮತ್ತು ಫಯೆಟ್. 1811ರಲ್ಲಿ ಮಾಂಟ್ಗೊಮರಿಯಿಂದ ಬಾತ್ ಕೌಂಟಿ ಬೇರೆಯಾಯಿತು. ಮನೆ ಅಲ್ಲೇ ಇರುತ್ತೆ, ಹೆಸರು ಮಾತ್ರ ಬೇರೆ ಪಟ್ಟಿಗೆ ಹೋಗಿರುತ್ತೆ, ನಾವು ಊರು ಬಿಟ್ಟರು ಅಂದುಕೊಳ್ಳುತ್ತೇವೆ. ಹಳ್ಳದ ಹೆಸರು ಹಿಡಿದುಕೊಂಡರೆ ತಪ್ಪಿಹೋಗಲ್ಲ.

ಪ್ರಶ್ನೆ ಕೇಳಿದವರು

ಮೂರು ವಾರ ರಾತ್ರಿ ಕೂತು ಒಂದೊಂದೇ ವರ್ಷ ನೋಡಿದೆ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟ್‌ನಲ್ಲಿ ಪುಟಗಳ ಚಿತ್ರ ದುಡ್ಡಿಲ್ಲದೆ ಸಿಗುತ್ತೆ, ಅದೊಂದು ದೊಡ್ಡ ಉಪಕಾರ.

ನೀವು ಹೇಳಿದ್ದು ಸರಿ. ಸೀನಿಯರ್ ಸಾಲಿನಲ್ಲಿ ಆ ವರ್ಷಗಳಲ್ಲಿ ಒಂದು ಸಲವೂ 16 ದಾಟಿದ ಹುಡುಗ ಇಲ್ಲ. ಆದರೆ ಅವನ ಭೂಮಿ ಇರೋ ಸ್ಲೇಟ್ ಕ್ರೀಕ್ ಅನ್ನೋ ಹಳ್ಳದ ದಂಡೆಯಲ್ಲೇ ಅದೇ ಮನೆತನದ ಹೆಸರಿನ ಒಬ್ಬ ಹೆಂಗಸು ಇದ್ದಾಳೆ. 100 ಎಕರೆ. 21 ದಾಟಿದ ಗಂಡಸರು ಸೊನ್ನೆ. 1798ರಿಂದ ಹುಡುಗರ ಕಾಲಂನಲ್ಲಿ ಒಂದು. 1803ರಲ್ಲಿ ಆ ಒಂದು ಇಲ್ಲ, ನಮ್ಮವನ ಹೆಸರು ಬಂದಿದೆ, ಭೂಮಿ ಇಲ್ಲ, ಒಂದು ಕುದುರೆ ಇದೆ. ಆ ಒಂದು ಕುದುರೆ ನೋಡಿ ಯಾಕೋ ಕಣ್ಣು ತುಂಬಿತು. ಇವಳು ಅವನ ತಾಯಿ ಅಲ್ವಾ?

ಉತ್ತರ 1

ತಾಯಿ ಅನ್ನೋಕೆ ಬಲವಾದ ಸುಳಿವು, ಆದರೆ ಇನ್ನೂ ಪುರಾವೆ ಅಲ್ಲ. ಹೆಂಗಸಿನ ಹೆಸರು ಹೀಗೆ ಸಾಲಿನ ಮೊದಲಲ್ಲಿ ಬಂದರೆ ಹೆಚ್ಚಾಗಿ ವಿಧವೆ. ಅವಳು ಮೊದಲು ಕಾಣಿಸಿದ ವರ್ಷದ ಹಿಂದಿನ ವರ್ಷ ಅದೇ ಹಳ್ಳ, ಅದೇ 100 ಎಕರೆ ಯಾರ ಹೆಸರಲ್ಲಿತ್ತು ನೋಡಿ. ಮಾಂಟ್ಗೊಮರಿಯಲ್ಲಿ ಸಿಗದಿದ್ದರೆ ಕ್ಲಾರ್ಕ್ ಪಟ್ಟಿಗೆ ಹೋಗಿ. ಆ ಹೆಸರು ಸಿಕ್ಕಿದರೆ ಕೋರ್ಟಿನ ಪುಸ್ತಕಗಳಲ್ಲಿ ಅವನ ಆಸ್ತಿಯ ಲೆಕ್ಕ, ಮಕ್ಕಳಿಗೆ ಗಾರ್ಡಿಯನ್ ನೇಮಿಸಿದ್ದು ಇದೆಯಾ ಅಂತ ಹುಡುಕಿ, ಸಂಬಂಧ ಸ್ಪಷ್ಟವಾಗಿ ಬರೆದಿರೋದು ಅಲ್ಲಿ.

ಉತ್ತರ 2

ಆಮೇಲೆ ನಿಮ್ಮವನು ಹುಟ್ಟಿದ ವರ್ಜೀನಿಯಾ. ಅಲ್ಲಿ 1782ರಿಂದ ಭೂಮಿಗೊಂದು, ವೈಯಕ್ತಿಕ ಆಸ್ತಿಗೊಂದು ಬೇರೆ ಬೇರೆ ತೆರಿಗೆ ಪಟ್ಟಿ ಇವೆ. ಒಂದೇ ಹೆಸರು ಹುಡುಕಿದರೆ ಹತ್ತು ಕೌಂಟಿಯಲ್ಲಿ ಸಿಗುತ್ತೆ, ಅದಕ್ಕೆ ಸೀನಿಯರ್ ಮತ್ತು ಆ ವಿಧವೆಯ ಗಂಡ, ಇಬ್ಬರ ಹೆಸರನ್ನೂ ಜೊತೆಗೆ ಹುಡುಕಿ. ಇಬ್ಬರೂ ಒಂದೇ ಕೌಂಟಿಯಲ್ಲಿದ್ದು ಒಂದೆರಡು ವರ್ಷದೊಳಗೆ ಪಟ್ಟಿಯಿಂದ ಕಾಣೆಯಾಗಿದ್ದರೆ ಅಲ್ಲಿ ನಿಂತು ಗಟ್ಟಿಯಾಗಿ ನೋಡಿ. ಕೆಲವು ಪಟ್ಟಿಗಳನ್ನು ಗುಮಾಸ್ತರು ಹೆಸರಿನ ಮೊದಲ ಅಕ್ಷರದ ಪ್ರಕಾರ ಬರೆದಿದ್ದಾರೆ, ಅಂಥದ್ದರಲ್ಲಿ ಪಕ್ಕದ ಸಾಲಿನವನು ಪಕ್ಕದ ಮನೆಯವನು ಅಲ್ಲ. ಆದರೆ ತೆರಿಗೆ ಬರೆದುಕೊಂಡ ತಾರೀಖು ಇದ್ದರೆ, ಅದೇ ದಿನ ಬರೆಸಿದವರನ್ನೆಲ್ಲ ಒಟ್ಟು ಮಾಡಿ ನೋಡಿ, ನೆರೆಹೊರೆ ಸಿಗುತ್ತೆ.

ಪ್ರಶ್ನೆ ಕೇಳಿದವರು

ಕ್ಲಾರ್ಕ್ ಕೌಂಟಿ, 1796. ಸ್ಲೇಟ್ ಕ್ರೀಕ್, 100 ಎಕರೆ, ಒಬ್ಬ ಗಂಡಸಿನ ಹೆಸರು. ಅತ್ತೆಯ ತಮ್ಮನಿಗೆ ಇಟ್ಟಿರೋ ಹೆಸರೂ ಅದೇ. ಅತ್ತೆಗೆ ಫೋನ್ ಮಾಡ್ತಾ ಇದ್ದೇನೆ, ಗಾರ್ಡಿಯನ್ ಕಾಗದ ಹುಡುಕಿ ಮತ್ತೆ ಬರೆಯುತ್ತೇನೆ.