ಸಹಾಯ ಬೇಕು: ರೈನ್ ನದಿಯಲ್ಲಿ ಹಡಗು, ವಾಪಸ್ಸು ರೈಲು. ಯಾವ ದಡದಲ್ಲಿ ಇಳಿಯಲಿ?

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಮ್ಮನ ಜೊತೆ ಜರ್ಮನಿಗೆ ಹೋಗುತ್ತಿದ್ದೇನೆ. ಫ್ರಾಂಕ್‌ಫರ್ಟ್‌ನಲ್ಲಿ ಉಳಿದು ಒಂದು ದಿನ ರೈನ್ ಕಣಿವೆ ನೋಡುವ ಆಸೆ. ಲೊರೆಲೈ ಬಂಡೆಯನ್ನು ಅಮ್ಮ ನೀರಿನ ಮೇಲಿಂದಲೇ ನೋಡಬೇಕು, ನನಗೆ ಅದೇ ಮುಖ್ಯ.

ರೈಲಿನಲ್ಲಿ ರೂಡೆಸ್‌ಹೈಮ್‌ಗೆ ಹೋಗಿ ಅಲ್ಲಿ ಹಡಗು ಹತ್ತುವುದು ಅಂತ ಮಾಡಿದ್ದೇನೆ. ನೀರು ಹರಿಯುವ ಕಡೆಗೇ ಹೋಗುವುದರಿಂದ ಬೇಗ ತಲುಪುತ್ತದೆ. ನದಿಯ ಕೆಳಗಿರುವ ಕೊಬ್ಲೆಂಜ್ ಊರಿನಿಂದ ನೀರಿಗೆ ಎದುರಾಗಿ ಬಂದರೆ ಸಮಯ ಜಾಸ್ತಿ. ಇಲ್ಲಿಯವರೆಗೆ ಸರಿ.

ಸಿಕ್ಕಿಕೊಂಡಿರುವುದು ವಾಪಸ್ಸು ಬರುವಾಗ. ರೈಲು ಹಳಿ ಎರಡೂ ದಡದಲ್ಲಿದೆ, ಆದರೆ ಆ ಕಣಿವೆಯಲ್ಲಿ ಸೇತುವೆಯೇ ಇಲ್ಲ, ದಾಟಲು ಫೆರಿ ಮಾತ್ರ. ಎಡದಡದ ಸಾಂಕ್ಟ್ ಗೋರ್‌ನಲ್ಲಿ ಇಳಿದರೆ ರೈನ್‌ಫೆಲ್ಸ್ ಕೋಟೆ ಅಲ್ಲೇ ಇದೆ, ಫ್ರಾಂಕ್‌ಫರ್ಟ್‌ಗೆ ರೈಲು ಮೈಂಟ್ಸ್ ಮೂಲಕ. ಎದುರಿನ ಸಾಂಕ್ಟ್ ಗೋರ್ಸ್‌ಹೌಸೆನ್‌ನಲ್ಲಿ ಇಳಿದರೆ ವೀಸ್‌ಬಾಡೆನ್ ಮೂಲಕ. ಎರಡೂ ವೇಳಾಪಟ್ಟಿ ಪಕ್ಕಪಕ್ಕ ಇಟ್ಟು ಮೂರು ರಾತ್ರಿ ಕೂತೆ. ಸಮಯ ಗೊತ್ತಾಯಿತು, ಮೆಟ್ಟಿಲು ಎಷ್ಟು ಅಂತ ಎಲ್ಲೂ ಸಿಗಲಿಲ್ಲ. ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಬಂದರೆ ಕೈಚೀಲ ನನಗೆ ಕೊಟ್ಟು ಕಂಬಿ ಹಿಡಿದು ಒಂದೊಂದೇ ಹತ್ತುತ್ತಾರೆ.

ಹೋಗಿ ಬಂದವರು ದಯವಿಟ್ಟು ಹೇಳಿ: ಹಡಗು ಇಳಿದ ಜಾಗದಿಂದ ಪ್ಲಾಟ್‌ಫಾರ್ಮ್‌ವರೆಗೆ ನಡಿಗೆ, ಮೆಟ್ಟಿಲು ಕಮ್ಮಿ ಇರುವುದು ಈ ಎರಡರಲ್ಲಿ ಯಾವ ಊರಲ್ಲಿ?