ನಾವೇ ದುಡಿದು ಮನೆ ಕಟ್ಟಿಕೊಂಡರೆ ಎಷ್ಟು ಉಳಿಯುತ್ತದೆ? ಕಟ್ಟಿದವರು ಹೇಳಿ

ಪ್ರಶ್ನೆ, ಶಿರಾ ಕಡೆಯಿಂದ:

ನಮಸ್ಕಾರ. ನಮ್ಮ ಯಜಮಾನರು ಮಂಡಿಯಲ್ಲಿ ಹಮಾಲಿ, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನನ್ನ ಹೆಸರಿಗೆ ಮನೆ ಮಂಜೂರಾಗಿದೆ. ಬರುವುದು 1.20 ಲಕ್ಷ. ಮೇಸ್ತ್ರಿ ಒಬ್ಬರು ಚಿಕ್ಕ ಮನೆಗೇ ನಾಲ್ಕೂವರೆ ಲಕ್ಷ ಆಗುತ್ತದೆ ಎಂದರು. ಸಾಲ ಜಾಸ್ತಿ ಮಾಡೋಕೆ ಭಯ. ನಾವು, ನೆಂಟರು, ಸಂಘದ ಹೆಂಗಸರು, ತಮ್ಮನ ಕಾಲೇಜಿನ ಎನ್ನೆಸ್ಸೆಸ್ ಹುಡುಗರು ಎಲ್ಲ ಸೇರಿ ಕೈಹಾಕಿದರೆ ಎಷ್ಟು ಉಳಿಯಬಹುದು? ಯಾವ ಕೆಲಸ ನಾವೇ ಮಾಡಬಹುದು, ಯಾವುದು ಮುಟ್ಟಬಾರದು?

ಉತ್ತರ, ಕೊಳ್ಳೇಗಾಲದ ಹತ್ತಿರದಿಂದ:

ಅಕ್ಕ, ನಾವು ಹಾಗೇ ಕಟ್ಟಿದ್ದು. ಖಂಡಿತ ಉಳಿಯುತ್ತದೆ, ಆದರೆ ಜನ ಬಾಯಲ್ಲಿ ಹೇಳುವಷ್ಟಲ್ಲ. ದೊಡ್ಡ ದುಡ್ಡು ಹೋಗುವುದು ಸಿಮೆಂಟು, ಕಬ್ಬಿಣ, ಇಟ್ಟಿಗೆ, ಜಲ್ಲಿಗೆ. ಕೂಲಿ ಅಂದಾಜು ಮೂರನೇ ಒಂದು ಪಾಲು. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಮೇಸ್ತ್ರಿ, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರದು, ಅಂದರೆ ಕಾಂಕ್ರೀಟಿಗೆ ಹಲಗೆ ಕಟ್ಟುವವರದು. ನಮ್ಮ ಕೈಯಲ್ಲಿ ಉಳಿಯುವುದು ಹೆಲ್ಪರ್ ಕೂಲಿ ಮಾತ್ರ. ನಿಮ್ಮ ನಾಲ್ಕೂವರೆ ಲಕ್ಷದಲ್ಲಿ ಅರವತ್ತು ಎಪ್ಪತ್ತು ಸಾವಿರ ಉಳಿದರೆ ಚೆನ್ನಾಗಿ ಉಳಿಸಿದಿರಿ ಅಂತಲೇ ಅರ್ಥ.

ಇನ್ನೊಂದು ಲೆಕ್ಕವನ್ನೂ ಹಾಕಿ. ನಿಮ್ಮ ಯಜಮಾನರು ಮಂಡಿಗೆ ರಜಾ ಹಾಕಿ ಇಲ್ಲಿ ಬಾಂಡ್ಲಿ ಹೊತ್ತರೆ ಅವತ್ತಿನ ಹಮಾಲಿ ದುಡ್ಡು ಹೋಯಿತು. ಹೆಲ್ಪರ್ ಕೂಲಿಯೂ ಹೆಚ್ಚುಕಡಿಮೆ ಅಷ್ಟೇ ಆದರೆ ಉಳಿದದ್ದೇನು? ಹಾಗಾಗಿ ದುಡಿಮೆ ಇಲ್ಲದ ದಿನ, ಭಾನುವಾರ, ಸಂಜೆ ಹೊತ್ತು ಆಗುವ ಕೆಲಸಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ಇಟ್ಟಿಗೆ ಲಾರಿ ಇಳಿಸುವುದು, ಪಾಯದೊಳಗೆ ಮಣ್ಣು ತುಂಬಿ ದಮ್ಮಸ್ಸು ಹೊಡೆಯುವುದು, ಎಂ-ಸ್ಯಾಂಡ್ ಜರಡಿ ಹಿಡಿಯುವುದು, ಗೋಡೆಗೆ ನೀರು ಹಾಕುವುದು, ಕೊನೆಗೆ ಸುಣ್ಣ ಬಣ್ಣ. ಇವಕ್ಕೆ ಕಸುಬು ಬೇಡ, ಮೈಬಗ್ಗಿಸುವ ಮನಸ್ಸು ಸಾಕು.

ನಾವು ನಾಲ್ಕು ಮನೆಯವರಿಗೆ ಒಂದೇ ವರ್ಷ ಮನೆ ಬಂದಿತ್ತು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತೇವಲ್ಲ, ಹಾಗೇ ಮನೆ ಕೆಲಸಕ್ಕೂ ಮುಯ್ಯಿ ಹಾಕಿಕೊಂಡೆವು. ನಮ್ಮ ಮನೆಗೆ ನೀವು, ನಿಮ್ಮ ಮನೆಗೆ ನಾವು. ಒಂದು ನೋಟ್‌ಬುಕ್ ಇಟ್ಟು ಯಾರು ಬಂದರು, ಇಡೀ ದಿನವೋ ಅರ್ಧ ದಿನವೋ, ಅಂದು ಸಂಜೆಯೇ ಬರೆದು ಎಲ್ಲರ ಮುಂದೆ ಓದುತ್ತಿದ್ದೆವು. ಬರೆಯದೆ ಬಿಟ್ಟರೆ ಮೂರನೇ ಮನೆ ಹೊತ್ತಿಗೆ ಜಗಳ ಗ್ಯಾರಂಟಿ. ಊಟದ ಮಾತೂ ಮೊದಲೇ ಆಗಬೇಕು. ನಮ್ಮಲ್ಲಿ ಬೆಳಿಗ್ಗೆ ಟೀ, ಮಧ್ಯಾಹ್ನ ಮುದ್ದೆ ಸಾರು, ಬಾಡೂಟ ಮೋಲ್ಡ್ (ಕಾಂಕ್ರೀಟ್ ಛಾವಣಿ) ಹಾಕಿದ ದಿನ ಮಾತ್ರ. ಒಬ್ಬರು ದಿನಾ ಹಬ್ಬದೂಟ ಹಾಕಿದರೆ ಮುಂದಿನ ಮನೆಯವರಿಗೆ ಅದೇ ಸಾಲವಾಗಿ ಕೂರುತ್ತದೆ.

ಉತ್ತರ, ಹಾಸನ ಜಿಲ್ಲೆಯ ಮೇಸ್ತ್ರಿಯೊಬ್ಬರಿಂದ:

ಮೇಲಿನವರ ಲೆಕ್ಕ ಸರಿಯಾಗಿದೆ. ಯಾವುದು ಮುಟ್ಟಬಾರದು ಅಂತ ಕೇಳಿದ್ದೀರಿ, ಅದನ್ನು ನಾನು ಹೇಳುತ್ತೇನೆ.

ಪಾಯದ ಮಟ್ಟ ಮತ್ತು ಮೂಲೆ, ಗೋಡೆಯ ಮೂಲೆಗಳು, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ತೊಲೆ), ಮೋಲ್ಡ್ ಕಂಬಿ, ಸೆಂಟ್ರಿಂಗ್, ಕರೆಂಟು. ಇಷ್ಟನ್ನು ಕಸುಬಿನವರಿಗೇ ಬಿಡಿ. ನಡುವಿನ ಗೋಡೆ ಕಟ್ಟುವುದನ್ನು ಚುರುಕಾದವರು ಕಲಿಯಬಹುದು. ಎರಡು ಮೂಲೆಯನ್ನು ಮೇಸ್ತ್ರಿ ಎತ್ತಿಕೊಟ್ಟು ದಾರ ಕಟ್ಟಿದ ಮೇಲೆ, ಆ ದಾರಕ್ಕೆ ಒಂದು ಕೂದಲಷ್ಟು ಸಂದು ಬಿಟ್ಟು ಇಟ್ಟಿಗೆ ಕೂರಿಸುತ್ತಾ ಹೋಗುವುದು. ಇಟ್ಟಿಗೆ ದಾರಕ್ಕೆ ತಾಗಿದರೆ ಅದು ದಾರವನ್ನು ಹೊರಗೆ ತಳ್ಳುತ್ತದೆ, ಗೋಡೆ ಹೊಟ್ಟೆ ಬರುತ್ತದೆ. ಹೊಸಬರು ಎಡವುವುದು ಇಲ್ಲೇ. ಸುಟ್ಟ ಇಟ್ಟಿಗೆಯಾದರೆ ಕಟ್ಟುವ ಮೊದಲು ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಗಾರೆಯಲ್ಲಿರುವ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ. ನೆನೆಸುವ ಕೆಲಸ ಮಕ್ಕಳಿರುವ ಹೆಂಗಸರು ಆರಾಮಾಗಿ ಮಾಡಬಹುದು.

ಮೋಲ್ಡ್ ದಿನ ತುಂಬ ಜನ ಬರುತ್ತಾರೆ. ಅವತ್ತೇ ಜಾಸ್ತಿ ಎಚ್ಚರ ಬೇಕು. ಕಾಂಕ್ರೀಟು ಗಟ್ಟಿಯಾಗಿದ್ದರೆ ಹೊರುವವರಿಗೂ ಎಳೆಯುವವರಿಗೂ ಕಷ್ಟ. ಆಗ ಯಾರೋ ಒಂದು ಕೊಡ ನೀರು ಸುರಿಯುತ್ತಾರೆ, ಕೆಲಸ ಸಲೀಸಾಗುತ್ತದೆ, ಮೋಲ್ಡ್ ದುರ್ಬಲವಾಗುತ್ತದೆ. 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ 25ರಿಂದ 27 ಲೀಟರ್ ನೀರು ಸಾಕು. ಅಳತೆಗೆ ಒಂದೇ ಬಕೆಟ್ ಇಡಿ, ನೀರು ಹಾಕಲು ಒಬ್ಬರನ್ನೇ ನೇಮಿಸಿ, ಬೇರೆ ಯಾರೂ ಕೊಡ ಮುಟ್ಟಬಾರದು. ಮಾರನೆ ದಿನದಿಂದ ಮೋಲ್ಡ್ ಮೇಲೆ ಮಡಿ ಕಟ್ಟಿ ಎರಡು ವಾರ ನೀರು ನಿಲ್ಲಿಸಿ. ಕೂಲಿ ಕೊಟ್ಟು ಮಾಡಿಸುವ ಮನೆಗಳಲ್ಲಿ ಕ್ಯೂರಿಂಗ್ ಸರಿಯಾಗಿ ಆಗುವುದು ಅಪರೂಪ. ಮನೆಯವರೇ ನಿಂತು ಮಾಡಿದರೆ ದುಡ್ಡಿಲ್ಲದೆ ಮನೆ ಗಟ್ಟಿಯಾಗುತ್ತದೆ.

ಈಗ ಮುಖ್ಯ ಮಾತು. ಹೆಲ್ಪರ್ ಕೂಲಿ ಉಳಿಸುವುದಷ್ಟೇ ಅಲ್ಲ, ನಿಮ್ಮ ಬೆವರಿನಿಂದ ಸಾಮಾನಿನ ಖರ್ಚೂ ಇಳಿಯುವ ಒಂದು ದಾರಿ ಇದೆ. ಇಟ್ಟಿಗೆಯನ್ನು ನೀವೇ ಮಾಡಿಕೊಳ್ಳಿ. ಸುಡದ ಸಿಮೆಂಟು ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಶುರುವಾದ 'ಅಸ್ತ್ರ' ಎಂಬ ವಿಭಾಗದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೆಂಪು ಮಣ್ಣು, ಬೇಕಾದಷ್ಟು ಮರಳು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು. ಕೈಯಿಂದ ಒತ್ತುವ ಪ್ರೆಸ್‌ನಲ್ಲಿ ಹಾಕಿ ಲಿವರ್ ಎಳೆದರೆ ಇಟ್ಟಿಗೆ ತಯಾರು. ಆಮೇಲೆ ಮೂರು ವಾರಕ್ಕೂ ಮಿಕ್ಕಿ ಗೋಣಿ ಹೊದಿಸಿ ನೀರು ಹಾಕಬೇಕು. ಮಣ್ಣು ಜರಡಿ ಹಿಡಿಯಲು, ಕಲಸಲು, ಒತ್ತಲು, ಜೋಡಿಸಲು ಎಂಟು ಹತ್ತು ಜನ ಬೇಕು, ಯಾರಿಗೂ ಗಾರೆ ಕೆಲಸ ಬರಬೇಕಿಲ್ಲ. ನಿಮ್ಮ ಸಂಘದವರಿಗೆ ಹೇಳಿ ಮಾಡಿಸಿದ ಕೆಲಸ. ಸಂಜೆ ಮಾಡಬಹುದು, ಮಂಡಿಗೂ ಫ್ಯಾಕ್ಟರಿಗೂ ರಜಾ ಬೇಡ. ಕಪ್ಪು ಎರೆಮಣ್ಣಾದರೆ ಮಾತ್ರ ಈ ಆಸೆ ಬಿಡಿ, ಅದು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಮೊದಲು ಸ್ವಲ್ಪ ಇಟ್ಟಿಗೆ ಮಾಡಿ, ಹೀಗೇ ನೀರು ಹಾಕಿ, ಆಮೇಲೆ ಒಣಗಿಸಿ, ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ನೋಡಿ. ಅಂಚು ಕರಗಿದರೆ ಮಣ್ಣೋ ಸಿಮೆಂಟಿನ ಪಾಲೋ ಸರಿಯಿಲ್ಲ.

ಎನ್ನೆಸ್ಸೆಸ್ ಹುಡುಗರ ಕ್ಯಾಂಪ್ ಇರುವುದು ಏಳು ದಿನ. ಅವರನ್ನು ಪಾಯ ಅಗೆಯಲು, ಮಣ್ಣು ತುಂಬಲು ಕರೆಯಿರಿ. ಸೆಂಟ್ರಿಂಗ್ ಮೇಲೆ ಹತ್ತಿಸಬೇಡಿ.

ಉತ್ತರ, ಗ್ರಾಮ ಪಂಚಾಯ್ತಿಯ ಮಾಜಿ ಸದಸ್ಯೆಯೊಬ್ಬರಿಂದ:

ಕೆಲಸಕ್ಕಿಂತ ಮೊದಲು ಕಾಗದ. ಜಾಗದ ಇ-ಸ್ವತ್ತು (ಪಂಚಾಯ್ತಿಯ ಆಸ್ತಿ ದಾಖಲೆ) ನಿಮ್ಮ ಹೆಸರಲ್ಲಿದೆಯಾ ನೋಡಿ. ಕಾಮಗಾರಿ ಆದೇಶ ಕೈಗೆ ಬಂದು, ಖಾಲಿ ಜಾಗದ ಜಿಪಿಎಸ್ ಫೋಟೊ ಆಗುವವರೆಗೆ ಪಾಯ ತೆಗೆಯಬೇಡಿ. ಆಮೇಲೆ ಪಾಯ, ಲಿಂಟಲ್, ಛಾವಣಿ, ಪೂರ್ಣ ಹೀಗೆ ಹಂತ ಹಂತವಾಗಿ ಫೋಟೊ ಆದ ಮೇಲೆ ದುಡ್ಡು ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಎಷ್ಟೋ ಸಲ ತಡವಾಗುತ್ತದೆ. ಆದ್ದರಿಂದ ಒಂದು ಹಂತಕ್ಕೆ ಬೇಕಾದ ಸಾಮಾನಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಶುರು ಮಾಡಿ. ಫೋಟೊ ತೆಗೆಯೋಕೆ ಅಂತ ಯಾರಿಗೂ ಕಾಸು ಕೊಡಬೇಡಿ.

ಈ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ ಅಡುಗೆ ಜಾಗ ಸೇರಿ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಅಲ್ಲಿಗೇ ನಿಲ್ಲಿಸಿ. ನಾನು ನೋಡಿದ ಅರ್ಧಕ್ಕೆ ನಿಂತ ಮನೆಗಳಲ್ಲಿ ಬಹಳಷ್ಟು 'ಇನ್ನೊಂದು ರೂಮು ಇರಲಿ' ಅಂತ ಪಾಯ ದೊಡ್ಡದು ಮಾಡಿದವರದ್ದು. ಮುಂದೆ ರೂಮು ಸೇರಿಸಲು ಒಂದು ಕಡೆ ಜಾಗ ಬಿಟ್ಟರೆ ಸಾಕು.

ನಮ್ಮ ಪಂಚಾಯ್ತಿಯಲ್ಲಿ ಕಟ್ಟಿದವರಿಗೆ ಅವರದೇ ಮನೆಯ ಕೆಲಸಕ್ಕೆ ನರೇಗಾದಲ್ಲಿ 90 ದಿನದ ಕೂಲಿಯೂ ಸಿಕ್ಕಿತು. 2024-25ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ ಇತ್ತು, 90 ದಿನಕ್ಕೆ 31,410. ಜಾಬ್ ಕಾರ್ಡ್ ಇರಬೇಕು, ಹಾಜರಿ ಬೀಳಬೇಕು. ಈಗಿನ ನಿಯಮ ಮತ್ತು ದರವನ್ನು ಪಿಡಿಒ ಹತ್ತಿರ ಕೇಳಿ, ಸುಮ್ನೆ ಬಿಡಬೇಡಿ. ನಿಮ್ಮ ಬೆವರಿಗೆ ಸರ್ಕಾರವೇ ಕಟ್ಟುವ ಬೆಲೆ ಅದು.

ಉತ್ತರ, ಅಮೆರಿಕದ ನಾರ್ತ್ ಕ್ಯಾರೊಲಿನಾದಿಂದ:

ನಾನು ದಾವಣಗೆರೆ ಕಡೆಯವನು. ಇಲ್ಲಿ ಆಫೀಸಿನವರ ಜೊತೆ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಮನೆಗಳಿಗೆ ಶನಿವಾರ ಕೆಲಸಕ್ಕೆ ಹೋಗುತ್ತೇನೆ. ಜಾರ್ಜಿಯಾದ ಅಮೆರಿಕಸ್ ಎಂಬ ಊರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಶುರು ಮಾಡಿದ ಸಂಸ್ಥೆ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ರತಿವರ್ಷ ಇದಕ್ಕೆ ಸುತ್ತಿಗೆ ಹಿಡಿಯುತ್ತಿದ್ದರು. 2006ರಲ್ಲಿ ಮಹಾರಾಷ್ಟ್ರದ ಲೋಣಾವಳದ ಹತ್ತಿರ 100 ಮನೆ ಕಟ್ಟಲೂ ಬಂದಿದ್ದರು.

ಇಲ್ಲಿ ಮನೆ ಪುಕ್ಕಟೆ ಅಲ್ಲ. ಕುಟುಂಬದವರು ಗಂಟೆ ಲೆಕ್ಕದಲ್ಲಿ ದುಡಿಯಬೇಕು. ಎಷ್ಟು ಗಂಟೆ ಅನ್ನುವುದು ಊರಿಂದ ಊರಿಗೆ ಬೇರೆ, ಕೆಲವು ನೂರು ಗಂಟೆ ಸಾಮಾನ್ಯ. ಆಮೇಲೆ ಸುಲಭ ಕಂತಿನ ಸಾಲ. ಆ ಕಂತಿನ ದುಡ್ಡು ಮತ್ತೊಬ್ಬರ ಮನೆಗೆ ಹೋಗುತ್ತದೆ. ನನಗೆ ಹಿಡಿಸಿದ್ದು, ಆ ಗಂಟೆಗಳಲ್ಲಿ ಸ್ವಲ್ಪ ಭಾಗ ಬೇರೆಯವರ ಮನೆಗೆ ದುಡಿಯುವುದು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬ ತಾಯಿ, ತನ್ನ ಮನೆಯ ಪಾಯವೂ ಬಿದ್ದಿರದ ಹೊತ್ತಿನಲ್ಲಿ, ಬೇರೆ ಮನೆಯ ಕಿಟಕಿ ಚೌಕಟ್ಟಿಗೆ ಬಣ್ಣ ಹೊಡೆಯುತ್ತಿದ್ದರು. ಅಂಚಿಗೆ ಟೇಪ್ ಅಂಟಿಸುವುದು, ಬ್ರಷ್ ಎಷ್ಟು ಅದ್ದಬೇಕು ಅನ್ನುವುದನ್ನು ನನಗೆ ಹೇಳಿಕೊಟ್ಟದ್ದೂ ಅವರೇ. ತಮ್ಮ ಮನೆಗೆ ಬರುವ ಹೊತ್ತಿಗೆ ಅವರ ಕೈ ಪಳಗಿತ್ತು. ನೆಂಟರು ಸ್ನೇಹಿತರು ಮಾಡಿದ ಗಂಟೆಗಳನ್ನೂ ಸ್ವಲ್ಪ ಮಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಕಡೆಗಳಿವೆ. ಪ್ಲಂಬಿಂಗ್, ಕರೆಂಟು ಮಾತ್ರ ಲೈಸೆನ್ಸ್ ಇರುವವರೇ ಮಾಡುತ್ತಾರೆ.

ಇದಲ್ಲದೆ ಇಲ್ಲಿನ ಹಳ್ಳಿಗಳಲ್ಲಿ ಸರ್ಕಾರಿ ಸಾಲದ ಇನ್ನೊಂದು ಪದ್ಧತಿ ಇದೆ. ಕೆಲವು ಕುಟುಂಬಗಳು ಒಂದು ಗುಂಪಾಗಿ ಎಲ್ಲರ ಮನೆಯನ್ನೂ ಒಟ್ಟಿಗೆ ಕಟ್ಟುತ್ತವೆ. ಶೇಕಡಾ 65ರಷ್ಟು ಕೆಲಸ ಅವರೇ ಮಾಡಬೇಕು. ಎಲ್ಲ ಮನೆ ಮುಗಿಯುವವರೆಗೆ ಯಾರೂ ಒಕ್ಕಲು ಹೋಗುವಂತಿಲ್ಲ. ಕೊಳ್ಳೇಗಾಲದವರ ಮುಯ್ಯಿಗೆ ಈ ಒಂದು ನಿಯಮ ಸೇರಿದರೆ ಎಷ್ಟು ಚೆನ್ನ ಅಲ್ವಾ? ತನ್ನ ಮನೆ ಆದ ಮೇಲೆ ಕೈಕೊಡುವವರ ಭಯವೇ ಇರುವುದಿಲ್ಲ.

ಶಿರಾದವರಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮದು ಕೆಂಪು ಮಣ್ಣೇ, ಇಟ್ಟಿಗೆ ಪರೀಕ್ಷೆ ಈ ವಾರವೇ ಶುರು ಮಾಡುತ್ತೇವೆ. ಸಂಘದಲ್ಲಿ ಇನ್ನೂ ಇಬ್ಬರಿಗೆ ಮನೆ ಮಂಜೂರಾಗಿದೆ. ಒಬ್ಬರು ಗಂಡ ತೀರಿಕೊಂಡವರು, ಜೊತೆಗೆ ವಯಸ್ಸಾದ ಅತ್ತೆ, ಸಣ್ಣ ಮಗು. ಮುಯ್ಯಿ ತೀರಿಸೋಕೆ ತನ್ನಿಂದ ಆಗಲ್ಲ ಅಂತ ಹಿಂದೆ ಸರಿಯುತ್ತಿದ್ದಾರೆ. ಅವರನ್ನು ಹೇಗೆ ಸೇರಿಸಿಕೊಳ್ಳುವುದು?

ಕೊಳ್ಳೇಗಾಲದವರಿಂದ:

ಮುಯ್ಯಿ ಅಂದರೆ ಬಾಂಡ್ಲಿ ಹೊರುವುದು ಮಾತ್ರ ಅಲ್ಲ ಅಕ್ಕ. ಮೂರೂ ಮನೆಯ ಕೆಲಸದ ದಿನ ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು, ನೋಟ್‌ಬುಕ್ ಬರೆಯುವುದು, ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹಾಕುವುದು, ಎಲ್ಲವನ್ನೂ ಇಡೀ ಆಳಿನ ಲೆಕ್ಕಕ್ಕೇ ಬರೆಯಿರಿ. ಅರ್ಧ ಆಳು ಅಂತ ಬರೆಯಬೇಡಿ. ಅತ್ತೆ ಕೂತಲ್ಲೇ ಸಾಮಾನು ಕಾಯುತ್ತಾರೆ. ಸಿಮೆಂಟು, ಕಂಬಿ ಇರುವ ಜಾಗದಲ್ಲಿ ಅದು ಸಣ್ಣ ಕೆಲಸವಲ್ಲ. ಇಟ್ಟಿಗೆಯನ್ನು ಮೂರು ಮನೆಗೂ ಒಂದೇ ಕಡೆ ಮಾಡಿ, ಹಂಚಿಕೊಳ್ಳಿ.

ಮತ್ತೆ, ಅವರ ಮನೆಯನ್ನೇ ಮೊದಲು ಎತ್ತಿ. ಶುರುವಿನಲ್ಲಿ ಎಲ್ಲರಿಗೂ ಹುರುಪಿರುತ್ತದೆ. ಉಳಿದ ಇಬ್ಬರು ತಮ್ಮ ಮನೆಗಾಗಿ ಕೊನೆಯವರೆಗೆ ಬಂದೇ ಬರುತ್ತಾರೆ. ಹಂತದ ದುಡ್ಡು ಮೊದಲು ಅವರ ಖಾತೆಗೆ ಬೀಳಲಿ, ಪಂಚಾಯ್ತಿಗೆ ಅವರ ಜೊತೆ ನೀವೂ ಹೋಗಿ.